ಜೈಲಿನ ರೊಟ್ಟಿ ಮಾನಮ್ಮ

ನಿಜಾಮನ ರಾಜ್ಯ ಭಾರತಕ್ಕೆ ಸೇರಲೆಂದು ಕೂಗಿ ನಾನು ಸುರಪುರ ಸೀಮೆಯ ಜೈಲು ಸೇರಿದಾಗ ಅಲ್ಲಿ ರೊಟ್ಟಿ ಬಡಿಯುತ್ತಿದ್ದವಳು ಮಾನಮ್ಮ. ನಾನಿಂದು ಬದುಕಿರುವುದು ಅವಳ ಪುಣ್ಯದಿಂದ. ಅವಳ ರೊಟ್ಟಿ ಬಡಿತ ಕೆಂಭಾವಿ ಸಂತೆಗೂ ಕೇಳುತ್ತದೆಂದು ನಗುತ್ತಿದ್ದೆವು. ಕೈದಿಗೂ ಸಿಪಾಯಿಗೂ ಒಂದೇ ಬೈಗುಳ: “ತಿನ್ರೋ ಭಾಡ್ಯಾಗಳ್ರಾ, ನೀವು ಸೊರಗಿದ್ರ ನನ್ನ ಹೆಸರು ಕೆಡ್ತದ!” ಖಾರ ಹೆಚ್ಚೆಂದವನ ತಾಟಿಗೆ ಇನ್ನಷ್ಟು ಖಾರ ಬೀಳುತ್ತಿತ್ತು. ಒಂದು ಮಧ್ಯಾಹ್ನ ಗಡಿಯಾಚೆ ಶಿಬಿರ ಹೂಡಿದ್ದ ನಮ್ಮ ಹೋರಾಟಗಾರರು ಬಂದೂಕು ಹಿಡಿದು ಬಂದು ಜೈಲಿನ ಬಾಗಿಲು ಒಡೆದರು. ಕೈದಿಗಳೆಲ್ಲ ಓಡಿದರು, ಜ್ವರದಿಂದ ಏಳಲಾರದೆ ನಾನೊಬ್ಬ ಉಳಿದೆ. ಮಾನಮ್ಮ ಬೈಯುತ್ತಲೇ ನನ್ನನ್ನು ಬೆನ್ನ ಮೇಲೆ ಹೊತ್ತು, ಗುಂಡು ಹಾರುತ್ತಿರುವಾಗಲೇ ಹೊರತಂದು ಗೆಳೆಯರ ಬಂಡಿಯಲ್ಲಿ ಮಲಗಿಸಿದಳು. “ನೀನೂ ಬಾ ಯವ್ವಾ” ಎಂದೆ. “ಒಳಗ ಸಿಪಾಯಿಗಿ ಗುಂಡು ಬಡದದ. ಅವಗ ನೀರು ಯಾರು ಕೊಡ್ತಾರ?” ಎಂದವಳೇ ತಿರುಗಿ ಒಳಗೆ ಹೋದಳು.