ಕೆಂಪು ಪಟ್ಟಿಯ ಲೋಟ

ಹಲ್ಲುನೋವು ತಡೆಯಲಾರದೆ ನಂಜನಗೂಡಿನ ಡಾಕ್ಟರ್ ಹತ್ತಿರ ಹೋದವಳು, ಹಲ್ಲು ತೋರಿಸದೆಯೇ ಎದ್ದು ಬಂದೆ. (ಹೆಂಗಸರಿಗೆ ಬಸ್ಸು ಫ್ರೀ, ಅದೊಂದು ಪುಣ್ಯ.)

ಕಾರಣ ಕೇಳಿದರೆ ನೀವು ನಗುತ್ತೀರಿ ಮಕ್ಕಳೇ. ಒಂದು ಸ್ಟೀಲ್ ಲೋಟ.

ಆ ಕ್ಲಿನಿಕ್ಕು ಹುಡುಕಿದ್ದು ನನ್ನ ಮೊಮ್ಮಗಳು ಚೈತ್ರ. ನಂಜನಗೂಡಿನಲ್ಲೇ ಕಾಲೇಜು ಓದುತ್ತಾಳೆ. "ಡಾಕ್ಟರ್ ಶಿಲ್ಪ ಅಂತ ಅಜ್ಜಿ, ಗ್ರೀನ್ ಕ್ಲಿನಿಕ್ಕು ಅವರದು. ಪೇಪರ್ ಕಪ್ಪಿಲ್ಲ, ಪ್ಲಾಸ್ಟಿಕ್ಕಿಲ್ಲ. ಎಕ್ಸ್‌ರೇ ಕೂಡ ಕಂಪ್ಯೂಟರಿನಲ್ಲೇ ನೋಡ್ತಾರೆ. ಬಿಸಾಡೋದೇ ಕಮ್ಮಿ" ಎಂದಳು.

ಬಿಸಾಡುವುದು ಕಡಿಮೆ ಎಂದರೆ ಈಗ ದೊಡ್ಡ ಸುದ್ದಿ. ನಮ್ಮ ಕಾಲದಲ್ಲಿ ಬಿಸಾಡಲು ಏನಿತ್ತು? ಬೆಳಿಗ್ಗೆ ಎದ್ದರೆ ಒಲೆಯಲ್ಲಿ ಇದ್ದಿಲು, ಬೇಲಿಯಲ್ಲಿ ಬೇವಿನ ಕಡ್ಡಿ. ಕಡ್ಡಿಯನ್ನು ಜಗಿದು, ಸೀಳಿ ನಾಲಿಗೆ ಕೆರೆದು ಎಸೆದರೆ ಮೇಕೆ ಬಂದು ಮೂಸಿ ನೋಡುತ್ತಿತ್ತು. ಅಪ್ಪ ಸಂತೆಗೆ ಹೋದಾಗ ಮಾತ್ರ ಕೆಂಪು ಹಲ್ಲುಪುಡಿಯ ಪೊಟ್ಟಣ ಬರುತ್ತಿತ್ತು. ಅದು ಸಿಹಿ. ನಾನು ಹಲ್ಲುಜ್ಜಿದ್ದಕ್ಕಿಂತ ತಿಂದದ್ದೇ ಹೆಚ್ಚು. ಅವ್ವ ನನ್ನ ನಾಲಿಗೆ ಚಾಚಿಸಿ ನೋಡಿ ಕಳ್ಳಿಯನ್ನು ಹಿಡಿಯುತ್ತಿದ್ದಳು. ಇವತ್ತಿನ ಹಲ್ಲುನೋವಿಗೆ ಆ ಪುಡಿಯ ಶಾಪವೂ ಇರಬಹುದು!

ಸರಿ, ಹೋದೆ. ಬಾಗಿಲಲ್ಲಿ ಮಂಜುಳ ಎಂಬ ಹುಡುಗಿ ಕಾರ್ಡು ಬರೆಯುತ್ತ ಕೂತಿದ್ದಳು.

"ಯೆಸ್ರೇನಜ್ಜಿ?"

"ಮಾದೇವಮ್ಮ."

"ಯಾವೂರು?"

ಕವಲಂದೆ ಪಕ್ಕದ ನಮ್ಮೂರಿನ ಹೆಸರು ಹೇಳಿದೆ.

"ಊರಲ್ಲಿ ಯಾವ ಬೀದಿ?"

ಹಲ್ಲಿಗೂ ಬೀದಿಗೂ ಏನು ಸಂಬಂಧ? ನಮ್ಮ ಕಡೆ ಬೀದಿ ಕೇಳಿದರೆ ಜಾತಿ ಕೇಳಿದ ಹಾಗೆಯೇ. ಆದರೂ ಮೆತ್ತಗೆ ಹೇಳಿದೆ, ನಮ್ಮದು ಕೇರಿ ಅಂತ. ಅವಳು ಬರೆದುಕೊಂಡಳು.

ಒಳಗೆ ನನಗಿಂತ ಮುಂಚೆ ಬಂದ ಯಜಮಾನರೊಬ್ಬರು ಕುರ್ಚಿಯಲ್ಲಿದ್ದರು. ಬಿಳಿ ಪಂಚೆ, ತಲೆಗೆ ವಲ್ಲಿ. ಹಲ್ಲು ಕಿತ್ತಾಗಿತ್ತು. ಬಾಯಿ ಮುಕ್ಕಳಿಸಲು ಮಂಜುಳ ಸ್ಟೀಲ್ ಲೋಟದಲ್ಲಿ ನೀರು ಕೊಟ್ಟಳು.

"ಏನವ್ವ ಇದು? ಯಾರ್ ಯಾರ್ ಬಾಯ್ಗೆ ಓಗಿತ್ತೋ ಈ ಲೋಟ! ಪೇಪರ್‌ದು ಇಲ್ವಾ?"

"ಮಿಷನ್‌ನಲ್ಲಿ ಆವಿ ಕೊಟ್ಟು ಚೊಕ್ಕಟ ಮಾಡಿದೀವಿ ಯಜಮಾನ್ರೇ" ಎಂದರು ಡಾಕ್ಟರ್.

ಆತ ಲೋಟವನ್ನು ತುಟಿಗೆ ತಾಗಿಸದೆ ಮೇಲೆತ್ತಿ ಬಾಯಿಗೆ ಹುಯ್ದುಕೊಂಡರು. ಮರಗಟ್ಟಿದ ಬಾಯಿ, ನೀರೆಲ್ಲ ಶರ್ಟಿಗೆ ಇಳಿಯಿತು. ನನಗೆ ನಗು ಬಂತು. ಸೆರಗು ಅಡ್ಡ ಹಿಡಿದೆ.

ನನ್ನ ಸರದಿ ಬಂತು. ಮಂಜುಳ ನನ್ನ ಕೊರಳಿಗೆ ಪ್ಲಾಸ್ಟಿಕ್ ಹಾಳೆಯ ಬದಲು ಖಾದಿ ಬಟ್ಟೆಯ ತುಂಡು ಕಟ್ಟಿದಳು. ಬೆರಳಲ್ಲಿ ಮುಟ್ಟಿ ನೋಡಿದೆ. ಕೈನೂಲು. ಎಲ್ಲಿಯದು ಎಂದು ಕೇಳಿದರೆ, "ಬದನವಾಳಿನದು ಅಜ್ಜಿ, ಒಗೆದು ಒಗೆದು ಮತ್ತೆ ಬಳಸ್ತೀವಿ" ಎಂದರು ಡಾಕ್ಟರ್. ನಮ್ಮವ್ವ ಬದನವಾಳಿನಲ್ಲಿ ನೂಲು ತೆಗೆಯಲು ಹೋಗುತ್ತಿದ್ದಳು. ಸಂಜೆ ಬಂದಾಗ ಅವಳ ಸೀರೆಯ ತುಂಬ ಹತ್ತಿಯ ಎಳೆ, ಕೂದಲಲ್ಲೂ ಹತ್ತಿ. ನಾನು ಮಡಿಲಲ್ಲಿ ತಲೆಯಿಟ್ಟರೆ ಬರುತ್ತಿದ್ದ ವಾಸನೆಯೇ ಈ ಬಟ್ಟೆಯಲ್ಲೂ ಇತ್ತು. ಕಣ್ಣು ಮುಚ್ಚಿ ಕೂತೆ. ಹಲ್ಲುನೋವೇ ಮರೆತುಹೋಯಿತು.

ಕಣ್ಣು ಬಿಟ್ಟಾಗ ಮುಂದೆ ಲೋಟ. ಯಜಮಾನರಿಗೆ ಕೊಟ್ಟಂಥದಲ್ಲ. ಅದು ಬೋಳು ಲೋಟ. ಇದರ ಅಂಚಿಗೆ ಕೆಂಪು ಪಟ್ಟಿ. ಅದರ ಜೊತೆಯವು ಬೇರೆ ಗೂಡಿನಲ್ಲಿ ಇದ್ದದ್ದನ್ನೂ ನೋಡಿದೆ.

ಮಕ್ಕಳೇ, ನಿಮಗೆ ಇದನ್ನು ಹೇಗೆ ಹೇಳಲಿ?

ನಾನು ಹುಡುಗಿಯಾಗಿದ್ದಾಗ ನಮ್ಮೂರ ಗೇಟಿನಲ್ಲಿ, ಬಸ್ಸು ನಿಲ್ಲುವ ಕಡೆ, ಒಂದು ಹೋಟೆಲಿತ್ತು. ಕೇರಿಯವರು ಒಳಗೆ ಹೋಗುವಂತಿಲ್ಲ. ಹೊರಗಿನ ಗೋಡೆಯ ಗೂಡಿನಲ್ಲಿ ನಮಗೆಂದೇ ಎರಡು ಅಲ್ಯುಮಿನಿಯಂ ಲೋಟ. ಗುರುತಿಗೆ ಅಂಚಿಗೆ ಕೆಂಪು ಪೇಂಟು. ಟೀಯನ್ನು ಮೇಲಿನಿಂದ ಹುಯ್ಯುತ್ತಿದ್ದರು. ಕುಡಿದು ನಾವೇ ತೊಳೆದು ಬೋರಲು ಹಾಕಬೇಕು. ಅಪ್ಪ ಒಂದು ಗುಟುಕು ಉಳಿಸಿ ನನಗೆ ಕೊಡುತ್ತಿದ್ದ. ಟೀ ಬಲು ರುಚಿ. ಲೋಟದ ಅಂಚು ಮಾತ್ರ ಕಹಿ. ಪೇಂಟಿನ ಕಹಿ ಅಂದುಕೊಂಡಿದ್ದೆ.

ಮದುವೆಯಾದ ವಾರಕ್ಕೆ ನಿಮ್ಮ ತಾತ ನನ್ನನ್ನು ತಿ. ನರಸೀಪುರಕ್ಕೆ ಕರೆದುಕೊಂಡು ಹೋದರು. ಕಾಲುವೆಗೆ ನೀರು ಬಿಡುವ ಸೌಡಿ ಕೆಲಸ ಅವರದು, ಹೊಸ ಸಂಬಳ, ಹೊಸ ಹೆಂಡತಿ! ಫೋಟೊ ತೆಗೆಸಿ ಹೋಟೆಲಿಗೆ ನುಗ್ಗಿದರು. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಕಣ್ಣು ಗೋಡೆಯಲ್ಲಿ ಗೂಡು ಹುಡುಕುತ್ತಿತ್ತು.

"ಬಾ ಒಳೀಕೆ. ಇಲ್ಲಿ ಎಲ್ಲಾರ್ಗೂ ಒಂದೇ ಲೋಟ ಕಣಮ್ಮಿ" ಎಂದರು.

ಕುರ್ಚಿಯ ಮೇಲೆ ಕೂತು, ಬೋಳು ಲೋಟದಲ್ಲಿ ಕಾಫಿ ಕುಡಿದೆ. ಪಕ್ಕದ ಟೇಬಲ್ಲಿನವರ ಲೋಟವನ್ನೂ ನನ್ನದನ್ನೂ ಹೋಲಿಸಿ ಹೋಲಿಸಿ ನೋಡಿದೆ. ನನ್ನ ಮದುವೆಯಲ್ಲಿ ಚಿನ್ನವಿರಲಿಲ್ಲ. ಆ ಲೋಟವೇ ನನಗೆ ಉಡುಗೊರೆ ಎಂದು ಇವತ್ತಿಗೂ ಅಂದುಕೊಳ್ಳುತ್ತೇನೆ.

ಆಮೇಲೆ ಗೇಟಿನ ಹೋಟೆಲಿಗೂ ಪ್ಲಾಸ್ಟಿಕ್ ಲೋಟ ಬಂತು, ಪೇಪರ್ ಲೋಟ ಬಂತು. ಕೆಂಪು ಪೇಂಟಿನ ಲೋಟಗಳು ಎಲ್ಲಿಗೆ ಹೋದವೋ. ಊರವರೂ ಕೇರಿಯವರೂ ಒಂದೇ ಥರದ ಲೋಟದಲ್ಲಿ ಕುಡಿದು ಎಸೆದರು. ಆ ಕಸವನ್ನು ಕಂಡು ನೀವು ಬಯ್ಯುತ್ತೀರಿ. ಬಯ್ಯಿರಿ, ತಪ್ಪಲ್ಲ. ನಾನು ಮಾತ್ರ ಮೊದಲ ಪೇಪರ್ ಲೋಟವನ್ನು ತೊಳೆದು ಮನೆಗೆ ತಂದಿದ್ದೆ.

ಈಗ ಹೇಳಿ, ಕ್ಲಿನಿಕ್ಕಿನಲ್ಲಿ ನಾನು ಮಾಡಿದ್ದು ತಪ್ಪೇ? "ಆಮೇಲೆ ಬತ್ತೀನಿ ಕಣವ್ವ" ಎಂದು ಕೊರಳಿಗೆ ಕಟ್ಟಿದ್ದ ಖಾದಿ ತುಂಡು ಬಿಚ್ಚಿಟ್ಟು ಎದ್ದು ಬಂದೆ.

ವಾರ ಕಳೆಯಿತು. ಲವಂಗ ಕಚ್ಚಿದೆ, ಉಪ್ಪುನೀರು ಮುಕ್ಕಳಿಸಿದೆ. ಕೆನ್ನೆ ಊದಿ ಮುದ್ದೆ ನುಂಗುವುದೂ ಕಷ್ಟವಾಯಿತು. ಚೈತ್ರ ಬಿಡಲಿಲ್ಲ, ಬಾಯಿ ಬಿಡಿಸಿದಳು. ಎಲ್ಲ ಕೇಳಿಕೊಂಡಳು. ಆಮೇಲೆ ಹೇಳಿದಳು, "ಡಾಕ್ಟ್ರು ಪೇಪರ್ ಲೋಟಕ್ಕೇ ವಾಪಸ್ ಹೋಗ್ತಾರಂತೆ ಅಜ್ಜಿ. ಸ್ಟೀಲ್ ಲೋಟ ಕಂಡ್ರೆ ಜನ ಮುಖ ಸಿಂಡರಿಸ್ತಾರಂತೆ. ನಿನ್ ಕಾರಣ ಮಾತ್ರ ಅವರಿಗೆ ಗೊತ್ತಿಲ್ಲ. ನೀನೇ ಹೇಳಬೇಕು."

ಹೇಳುವುದು ಸುಲಭವೇ? ನಾಲ್ಕು ಜನರ ಮುಂದೆ ನನ್ನ ಹೆಸರು ಹೇಳಲೂ ನಾಚುವವಳು ನಾನು. ಹೇಳಿದರೆ ಕ್ಲಿನಿಕ್ಕಿನ ಆ ಹುಡುಗಿಗೆ ನೋವು. ಸುಮ್ಮನಿದ್ದರೆ ಸ್ಟೀಲ್ ಲೋಟವೂ ಹೋಯಿತು, ನಮ್ಮವ್ವನ ವಾಸನೆಯ ಬಟ್ಟೆಯೂ ಹೋದೀತು. ರಾತ್ರಿಯೆಲ್ಲ ಹಲ್ಲು ಒಂದು ಕಡೆ, ಇದೊಂದು ಕಡೆ.

ಮತ್ತೆ ಹೋದೆ. ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿಬಿಟ್ಟೆ, ಗೂಡಿನ ಕಥೆ, ಪೇಂಟಿನ ಕಥೆ ಎಲ್ಲ. ಡಾಕ್ಟರ್ ಕೈಗವಸು ಹಾಕಿಕೊಳ್ಳುತ್ತಿದ್ದವರು ಅರ್ಧಕ್ಕೇ ನಿಲ್ಲಿಸಿದರು. ಮಂಜುಳ ಕಣ್ಣಲ್ಲಿ ನೀರು ತಂದುಕೊಂಡು, "ಅಯ್ಯೋ ಅಜ್ಜಿ! ಬೋಳು ಲೋಟ ಒಂದು ಟ್ರಿಪ್ಪು, ಪಟ್ಟಿದು ಇನ್ನೊಂದು ಟ್ರಿಪ್ಪು. ಅದು ಮಿಷನ್ನಲ್ಲಿದ್ರೆ ಇದು ಕೈಗೆ, ಒಂದಕ್ಕೊಂದು ಬೆರೀಬಾರ್ದು ಅಂತ ಗುರುತು ಅಷ್ಟೇ. ಆ ಯಜಮಾನ್ರಿಗೆ ಕೊಟ್ಟಿದ್ದೇ ಕೊನೇ ಬೋಳು ಲೋಟ!" ಎಂದಳು.

"ಮತ್ತೆ ಬೀದಿ ಯಾಕವ್ವ ಕೇಳ್ದೆ?"

"ನಿಮ್ಮೂರಿಂದ ಮೂರು ಜನ ಮಾದೇವಮ್ಮ ಬತ್ತಾರೆ ಕಣಜ್ಜಿ. ಬೀದಿ ಬರ್ಕೊಳ್ದಿದ್ರೆ ಒಬ್ರ ಹಲ್ಲು ಇನ್ನೊಬ್ರಿಗೆ ಕಿತ್ಬುಡ್ತೀವಿ!"

ಅವಳು ಅಳುತ್ತಲೇ ನಕ್ಕಳು. ಊದಿದ ಕೆನ್ನೆಯಲ್ಲಿ ನಾನೂ ನಕ್ಕೆ.

"ನಮಗೆ ಹೊಳೀಲೇ ಇಲ್ಲ ಅಜ್ಜಿ" ಎಂದರು ಡಾಕ್ಟರ್. "ಏನು ಮಾಡೋಣ ಹೇಳಿ."

ನನ್ನನ್ನು ಯಾರಾದರೂ ಹಾಗೆ ಕೇಳಿ ಎಷ್ಟು ಕಾಲವಾಗಿತ್ತು! ಹೇಳಿದೆ: ಪಟ್ಟಿ ಕಿತ್ತುಹಾಕಿ. ಮಿಷನ್ನು ಒಳಗಿಡಬೇಡಿ, ಎಲ್ಲರಿಗೂ ಕಾಣುವ ಹಾಗೆ ಮುಂದಿಡಿ. ಚೊಕ್ಕಟವಾದ ಲೋಟಗಳನ್ನೆಲ್ಲ ಒಂದೇ ಬುಟ್ಟಿಗೆ ಹಾಕಿ. ನೀವು ಎತ್ತಿ ಕೊಡಬೇಡಿ. ಬಂದವರೇ ಕೈ ಹಾಕಿ ತೆಗೆದುಕೊಳ್ಳಲಿ.

ನನ್ನ ಹಲ್ಲು ಉಳಿಯಿತು, ಹುಳುಕು ತೆಗೆದು ತುಂಬಿದರು. ಇನ್ನೊಮ್ಮೆ ತೋರಿಸಲು ಹೋದಾಗ ಬುಟ್ಟಿ ಮುಂದಿತ್ತು. ನಾನು ಒಂದು ಲೋಟ ತೆಗೆದುಕೊಂಡೆ. ನನ್ನ ಹಿಂದೆ ಅದೇ ಯಜಮಾನರು, ಕಟ್ಟು ಹಲ್ಲಿನ ಅಳತೆ ಕೊಡಲು ಬಂದವರು. ಬುಟ್ಟಿಯೊಳಗೆ ಇಣುಕಿದರು, ಮಿಷನ್ನು ನೋಡಿದರು, ನನ್ನನ್ನೂ ನೋಡಿದರು. ಕೊನೆಗೆ ಒಂದು ಲೋಟ ಆರಿಸಿ ಮೇಲೆತ್ತಿದರು. ಹಿಂದಿನ ಸಲ ನೆನೆದ ಶರ್ಟು ನೆನಪಾಯಿತೋ ಏನೋ, ಕೈ ಇಳಿಸಿ ಕಚ್ಚಿಯೇ ಕುಡಿದರು.

ಆ ಮಿಷನ್ನಿನಲ್ಲಿ ಒಂದು ಲೋಟ ಚೊಕ್ಕಟವಾಗಲು ಅರ್ಧ ಗಂಟೆ ಸಾಕಂತೆ. ನಮ್ಮೂರ ಗೇಟಿನ ಆ ಲೋಟಕ್ಕೆ ಎಷ್ಟು ವರ್ಷ ಬೇಕಿತ್ತು, ನೀವೇ ಹೇಳಿ ಮಕ್ಕಳೇ?