ಕಾಲು ಪೂರ್ವಕ್ಕೆ

ಬೇಗೂರು ಸುತ್ತಮುತ್ತ ಗುದ್ದಲಿ ಹಿಡಿಯೋದ್ರಲ್ಲಿ ನನ್ನ ಮೀರಿಸೋನು ಇನ್ನೂ ಹುಟ್ಟಿಲ್ಲ. ನಾನು ಬಾವಿ ತೋಡೋಕೆ ಇಳಿದ್ರೆ ನೀರೇ ಹೆದರಿ ಮೇಲೆ ಬರ್ತಿತ್ತು. ಅಂಥ ನನ್ನನ್ನ ಒಂದ್ಸಲ ಕ್ರೈಸ್ತರ ಸ್ಮಶಾನದಲ್ಲಿ ಗುಂಡಿ ತೆಗೆಯೋಕೆ ಕರೆದ್ರು. ನಮ್ಮವರಿಗೆ ತೆಗೆಯೋ ಹಾಗೇ, ತಲೆ ದಕ್ಷಿಣಕ್ಕೆ ಬರೋ ಹಂಗೆ ತೆಗೆದಿಟ್ಟೆ.

ಹೆಣದ ಗಾಡಿ ಚರ್ಚ್ ಬಿಡೋಕೆ ಮುಂಚೆ ಸತ್ತವರ ಹೆಂಡ್ತಿ ಗುಂಡಿ ನೋಡೋಕೆ ಬಂದ್ರು. ನೋಡಿ ಗಾಬರಿಯಾದ್ರು.

"ಅಣ್ಣ, ಹಿಂಗಲ್ಲ. ಕಾಲು ಪೂರ್ವಕ್ಕಿರಬೇಕು. ಯೇಸು ಬಂದು ಕರೆದಾಗ ಎದ್ದು ಕೂತ್ರೆ ಎದುರಿಗೇ ಬೆಳಕು ಕಾಣಬೇಕು. ನಮ್ಮೆಜಮಾನ್ರು ಹುಟ್ಟುಕುರುಡರು."

"ಕುರುಡರಿಗೆ ಯಾವ ದಿಕ್ಕಾದ್ರೇನಮ್ಮ?" ಅಂದ್ಬಿಟ್ಟೆ.

"ಅವತ್ತು ಕಣ್ಣಿರುತ್ತಲ್ಲ ಅಣ್ಣ! ಮೊದಲು ಬೆಳಕು ನೋಡ್ಲಿ, ಆಮೇಲೆ ಪಕ್ಕದ ಗುಂಡಿಯಿಂದ ಎದ್ದಿರೋ ನನ್ನ ನೋಡ್ಲಿ. ಇಷ್ಟು ವರ್ಷ ಸಂಸಾರ ಮಾಡಿದ್ರೂ ನನ್ನ ಮುಖ ಹೆಂಗಿದೆ ಅಂತ ಅವರಿಗೆ ಗೊತ್ತಿಲ್ಲ."

ನಾಳೆ ಜಯನಗರದ ಬಸ್ ಬರುತ್ತೆ ಅನ್ನೋಷ್ಟು ಸಲೀಸಾಗಿ ಹೇಳಿದ್ರು. ಆ ಗುಂಡಿ ಮುಚ್ಚಿ, ಪೂರ್ವಕ್ಕೆ ಇನ್ನೊಂದು ತೋಡಿದೆ. ಗಾಡಿ ಬರೋಷ್ಟರಲ್ಲಿ ರೆಡಿ. ಜೆಸಿಬಿ ಇದ್ದಿದ್ರೆ ನಾಚ್ಕೊಂಡು ವಾಪಸ್ ಹೋಗ್ತಿತ್ತು.

ಮನೇಲಿ ನನ್ನ ಹೆಂಡ್ತಿಗೆ ಇದನ್ನೆಲ್ಲ ಹೇಳ್ದೆ.

"ಆ ಪುಣ್ಯಾತ್ಮ ಎದ್ದ ತಕ್ಷಣ ಹೆಂಡ್ತಿ ಮುಖ ನೋಡ್ತಾನೆ. ನೀವು ಕಣ್ಣಿಟ್ಕೊಂಡು ಯಾವತ್ತು ನೋಡಿದ್ರಿ?" ಅಂದ್ಲು.

ತುಟಿ ಪಿಟಕ್ಕನ್ನದೆ ಅವಳನ್ನೇ ನೋಡ್ತಾ ಕೂತೆ. ನಾನು ಏನು ಹೇಳಿದ್ರೂ ನಂಬೋ ನಮ್ಮೂರಿನವರು, ನಾನು ಅಷ್ಟೊತ್ತು ಸುಮ್ಮನಿದ್ದೆ ಅನ್ನೋದನ್ನ ಮಾತ್ರ ಈಗಲೂ ನಂಬಲ್ಲ.