ಕಡಲಿಗೆ ಹೋದ ಒಟಿಪಿ

ನನ್ನ ಹುದ್ದೆಯ ಹೆಸರು ಎಂಟರ್‌ಪ್ರೈಸ್ ಆರ್ಕಿಟೆಕ್ಟ್. ತ್ರಾಸಿಯ ನಮ್ಮ ಕೇರಿಯಲ್ಲಿ ಇದರ ಮೊದಲರ್ಧ ಯಾರಿಗೂ ಬೇಡ, ಎರಡನೆಯ ಅರ್ಧ ಎಲ್ಲರಿಗೂ ಬೇಕು. ಬ್ರಹ್ಮಾವರದ ಕಡೆಯ ವಿಶ್ವವಿದ್ಯಾಲಯದಲ್ಲಿ ಕೆಲಸಕ್ಕೆ ಸೇರಿದ ವಾರದಲ್ಲೇ ಪಕ್ಕದ ಮನೆಯವರು ಬಂದು ಬಚ್ಚಲಿನ ಬಾಗಿಲು ಯಾವ ದಿಕ್ಕಿಗಿಟ್ಟರೆ ಒಳ್ಳೆಯದೆಂದು ಕೇಳಿದರು. ನಾನು ಮನೆಯ ನಕ್ಷೆ ಬರೆಯುವವಳಲ್ಲ ಎಂದದ್ದಕ್ಕೆ ಅವರಿಗೆ ಬೇಸರವಾಯಿತು. ಕೊನೆಗೆ ಅಕ್ಕನೇ ಅವರಿಗೆ ವಿವರಿಸಿದಳು. ಅಲ್ಲಿ ಅಡ್ಮಿಷನ್ನಿಗೆ ಒಂದು, ಪರೀಕ್ಷೆಗೆ ಒಂದು, ಹಾಸ್ಟೆಲಿಗೆ ಒಂದು ಅಂತ ಬೇರೆ ಬೇರೆ ಕಂಪ್ಯೂಟರ್ ವ್ಯವಸ್ಥೆಗಳಿವೆ, ಒಂದಕ್ಕೊಂದು ಮಾತಿಲ್ಲ, ಇವಳು ಅವುಗಳ ನಡುವೆ ರಾಜಿ ಮಾಡಿಸುವವಳು ಎಂದಳು. ನನ್ನ ಕೆಲಸವನ್ನು ಇಷ್ಟು ಚೆನ್ನಾಗಿ ನಾನೇ ಯಾವತ್ತೂ ಹೇಳಿದ್ದಿಲ್ಲ.

ಅಕ್ಕ ಅದೇ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಲ್ಲಿ ಗುತ್ತಿಗೆಯ ಗುಮಾಸ್ತೆಯಾಗಿದ್ದಳು. ನಾನು ಓದು ಮುಗಿಸುವ ಮೊದಲೇ ಅಲ್ಲಿ ಸೇರಿದವಳು. ಅಪ್ಪಯ್ಯ ಗಂಗೊಳ್ಳಿಯ ಬೋಟಿನಲ್ಲಿ ಮೀನಿಗೆ ಹೋಗುತ್ತಿದ್ದರು, ಅವರು ತೀರಿಕೊಂಡ ಮೇಲೆ ಮನೆಯಲ್ಲಿ ನಾವಿಬ್ಬರೇ. ನನ್ನ ಕಾರಿನಲ್ಲೇ ಒಟ್ಟಿಗೆ ಹೋಗಿ ಬರುತ್ತಿದ್ದೆವು. ಕುಂಭಾಶಿ ದಾಟುವಾಗ ಅವಳು ಆನೆಗುಡ್ಡೆಯ ಗಣಪತಿ ದೇವಸ್ಥಾನದ ಕಡೆ ಕೈ ಮುಗಿಯುವಳು. ನಾನು ಸ್ಟಿಯರಿಂಗ್ ಹಿಡಿದಿರುವುದರಿಂದ ನನ್ನ ಪಾಲಿನದ್ದನ್ನೂ ತಾನೇ ಮುಗಿಯುತ್ತೇನೆ ಎನ್ನುವಳು.

ಮೊದಲ ವರ್ಷವಿಡೀ ನಾನು ಮಾಡಿದ್ದು ಕೇಳುವ ಕೆಲಸ. ಒಂದೊಂದು ವಿಭಾಗದಲ್ಲಿ ಕೂತು, ಯಾವ ಅರ್ಜಿ ಎಲ್ಲಿಂದ ಬರುತ್ತದೆ, ಯಾರು ನೋಡುತ್ತಾರೆ, ಆಮೇಲೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಿ, ಗೋಡೆಯ ತುಂಬ ಚೌಕ ಮತ್ತು ಬಾಣಗಳ ನಕ್ಷೆ ಬರೆದೆ. ಬಾಣವೊಂದು ಮನುಷ್ಯರ ಕೈ ಮೂಲಕ ಹಾದುಹೋಗುವಲ್ಲೆಲ್ಲ ಕೆಂಪು ಗುರುತು ಹಾಕಿದೆ. ನನಗೆ ವಶೀಲಿ ಕಂಡರೆ ಮೊದಲಿನಿಂದಲೂ ಮೈಯುರಿ. ದೊಡ್ಡವರ ಮಕ್ಕಳ ಅರ್ಜಿ ಕೊನೆಯ ದಿನ ಕಳೆದ ಮೇಲೂ ಹಿಂಬಾಗಿಲಿನಿಂದ ಒಳಗೆ ಬರುವುದನ್ನು ಕಣ್ಣಾರೆ ಕಂಡಿದ್ದೆ. ಕೈಗಳೇ ಇಲ್ಲದಿದ್ದರೆ ಹಿಂಬಾಗಿಲು ತೆರೆಯುವವರು ಯಾರು? ಹಾಗೆ ಯೋಚಿಸಿದ್ದೆ, ಸರಿಯಾಗಿಯೇ ಯೋಚಿಸಿದ್ದೇನೆಂದು ನಂಬಿದ್ದೆ.

ಎಲ್ಲಕ್ಕಿಂತ ಹೆಚ್ಚು ಕೆಂಪು ಬಿದ್ದದ್ದು ಅಕ್ಕನ ಮೇಜಿಗೆ. ಅವಳಲ್ಲಿ ಒಂದು ಉದ್ದನೆಯ ನೋಟ್‌ಬುಕ್ ಇತ್ತು, ಅದರಲ್ಲಿ ಪೆನ್ಸಿಲಿನಲ್ಲಿ ಬರೆದ ಟಿಪ್ಪಣಿಗಳು. ಈ ಹುಡುಗಿಯ ಅಪ್ಪ ಆಳಸಮುದ್ರದ ಬೋಟಿಗೆ, ಬರುವುದು ಹತ್ತು ದಿನಕ್ಕೆ, ಅತ್ತೆಯ ಮನೆಗೆ ಫೋನ್ ಮಾಡುವುದು. ಈ ಹುಡುಗನ ಮನೆಗೆ ವಂಡ್ಸೆಯ ಅಂಗಡಿಯಲ್ಲಿ ಹೇಳಿ ಕಳಿಸುವುದು. ಇದೇನೆಂದು ಕೇಳಿದೆ.

"ಇವ್ರೆಲ್ಲ ಫಾರ್ಮಿಗೆ ಅಪ್ಪಂದಿರ್ ನಂಬ್ರ ಕೊಡುದ್. ಅಪ್ಪಂದಿರ್ ಕಡಲಗಿರ್ತ್ರ್. ಇಲ್ಲಿಂದ ಹೋದ್ ಮೆಸೇಜ್ ಯಾರ್ ಕಾಣುದ್? ಹಂಗಾಯ್ ನಾನೇ ಫೋನ್ ಮಾಡಿ ಹೇಳ್ತೆ" ಎಂದಳು.

ಅದು ನಿಜ. ನಮ್ಮ ಕಡೆ ಮನೆಯ ನಂಬರ್ ಎಂದರೆ ಯಜಮಾನನ ನಂಬರ್. ಯಾರೂ ಹೇಳಿಕೊಟ್ಟದ್ದಲ್ಲ, ಅರ್ಜಿಯ ಮೇಲೆ ಅವರದ್ದಿದ್ದರೇ ಮರ್ಯಾದೆ ಎಂಬ ಭಾವನೆ. ಆ ಫೋನು ಅವರ ಜೊತೆಗೇ ಬೋಟು ಹತ್ತುತ್ತದೆ, ದಡ ಮರೆಯಾದ ಸ್ವಲ್ಪ ಹೊತ್ತಿಗೆ ಸಿಗ್ನಲ್ ಸತ್ತುಹೋಗುತ್ತದೆ. ಮೀನುಗಾರನ ಮಗಳಾದ ನನಗೆ ಇದನ್ನು ಇನ್ನೊಬ್ಬರು ಹೇಳಬೇಕೇ? ಆದರೂ ನಾನು ಅಕ್ಕನಿಗೆ ಉಪದೇಶ ಮಾಡಿದೆ. ಇವೆಲ್ಲ ಅಪವಾದಗಳು, ಅಪವಾದಕ್ಕೆಂದು ನಕ್ಷೆಯಲ್ಲಿ ಚೌಕ ಹಾಕಲಾಗದು, ಅವರು ನಂಬರ್ ಬದಲಿಸಲು ಕಲಿಯಬೇಕು ಎಂದೆ. ಅಕ್ಕ ನೋಟ್‌ಬುಕ್ ಮುಚ್ಚಿ ಡ್ರಾವರಿಗೆ ಹಾಕಿದಳು. ಅವಳು ವಾದ ಮಾಡಿದ್ದರೆ ನನ್ನ ಹಟ ಇನ್ನೂ ಹೆಚ್ಚುತ್ತಿತ್ತೇ ಹೊರತು ಕಡಿಮೆಯಾಗುತ್ತಿರಲಿಲ್ಲ ಎನ್ನುವುದೂ ಸುಳ್ಳಲ್ಲ.

ಹೊಸ ವ್ಯವಸ್ಥೆ ಬಂತು. ಪರೀಕ್ಷೆಯ ಅರ್ಜಿ ಫೋನಿನಲ್ಲೇ ತುಂಬಬಹುದು. ನೋಂದಾಯಿಸಿದ ನಂಬರಿಗೆ ಒಟಿಪಿ ಬರುತ್ತದೆ, ಹತ್ತು ನಿಮಿಷದೊಳಗೆ ಅದನ್ನು ಹಾಕಿದರೆ ಅರ್ಜಿ ಸೇರುತ್ತದೆ. ಅರ್ಜಿಯ ಬಾಗಿಲು ಏಳು ದಿನ ತೆರೆದಿರುತ್ತದೆ, ಎಂಟನೆಯ ದಿನ ತಾನಾಗಿ ಮುಚ್ಚುತ್ತದೆ. "ಕೊನೆಯ ದಿನಾಂಕದ ನಂತರ ಯಾವುದೇ ವ್ಯಕ್ತಿಯ ವಿವೇಚನೆಗೆ ಅವಕಾಶವಿರುವುದಿಲ್ಲ" ಎಂಬ ವಾಕ್ಯ ನನ್ನದೇ. ಸಭೆಯಲ್ಲಿ ಅದನ್ನು ಓದಿದಾಗ ಎಲ್ಲರೂ ಮೇಜು ತಟ್ಟಿದರು. ಆಮೇಲೆ ಕುಲಸಚಿವರು, ಹಾಗಾದರೆ ಪರೀಕ್ಷಾ ವಿಭಾಗದ ಆ ಗುತ್ತಿಗೆಯ ಮೇಜು ಇನ್ನು ಬೇಕೇ ಎಂದು ಕೇಳಿದರು. ಅಲ್ಲಿ ಕೂರುವವಳು ನನ್ನ ಅಕ್ಕ ಎಂದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದರಿಂದಲೇ ನನಗೆ ಇನ್ನಷ್ಟು ನ್ಯಾಯವಂತಳಾಗುವ ಹುರುಪು ಬಂತು. ಬೇಡ ಎಂದೆ.

ಅಕ್ಕನ ಗುತ್ತಿಗೆ ಮುಗಿಯಿತು, ಮುಂದುವರಿಯಲಿಲ್ಲ. ಕೊನೆಯ ದಿನ ಕಾರಿನಲ್ಲಿ ಬರುವಾಗ ಅವಳು ತನ್ನ ಚಹಾದ ಲೋಟವನ್ನೂ ಆ ನೋಟ್‌ಬುಕ್ಕನ್ನೂ ತೊಡೆಯ ಮೇಲಿಟ್ಟುಕೊಂಡಿದ್ದಳು. ಇನ್ನು ಬೆಳಿಗ್ಗೆ ನಿಧಾನಕ್ಕೆ ಎದ್ದರೂ ಆಗುತ್ತದೆ ಎಂದು ನಕ್ಕಳು. ಬೇಡ ಎಂದದ್ದು ನಾನೇ ಎಂದು ಅವಳಿಗೆ ಹೇಳಲಿಲ್ಲ. ಅವಳಿಗೆ ಗೊತ್ತಿತ್ತು ಎಂದೇ ಈಗ ಅನ್ನಿಸುತ್ತದೆ.

ಕೊನೆಯ ಸೆಮಿಸ್ಟರಿನ ಅರ್ಜಿ ಬೇಸಿಗೆಯಲ್ಲಿ ಬಂತು. ಮಳೆಗಾಲದ ಮೀನುಗಾರಿಕೆ ನಿಷೇಧಕ್ಕೆ ಮೊದಲು ಒಂದಿಷ್ಟು ಹೆಚ್ಚು ಮೀನು ಸಿಗಲಿ ಎಂದು ಎಲ್ಲ ಬೋಟುಗಳೂ ಕಡಲಲ್ಲೇ ಇರುವ ಕಾಲ ಅದು. ಬಾಗಿಲು ಮುಚ್ಚಿದ ಮರುದಿನ ಉಪ್ಪುಂದದ ಒಬ್ಬಳು ಹುಡುಗಿ ಎರಡು ಬಸ್ಸು ಹಿಡಿದು ಬಂದು ಪರೀಕ್ಷಾ ವಿಭಾಗದಲ್ಲಿ ನಿಂತಿದ್ದಳು. ಅರ್ಜಿ ತುಂಬಿದಾಗಲೆಲ್ಲ ಒಟಿಪಿ ಅಪ್ಪನ ಫೋನಿಗೆ ಹೋಗಿತ್ತು, ಅಪ್ಪ ಕಡಲಲ್ಲಿದ್ದರು. ನಂಬರ್ ಬದಲಿಸಲು ಹೋದರೆ ಅದಕ್ಕೂ ಹಳೆಯ ನಂಬರಿಗೇ ಒಟಿಪಿ. ಹಾಗೆ ಮಾಡಿಸಿದವಳೂ ನಾನೇ, ಯಾರೂ ಮೋಸ ಮಾಡಬಾರದೆಂದು. ಅಕ್ಕನ ಮೇಜು ಎಲ್ಲಿ ಎಂದು ಅವಳು ಕೇಳಿದಳಂತೆ. ಅಲ್ಲೀಗ ಪ್ರಿಂಟರ್ ಇಟ್ಟಿದ್ದಾರೆ.

ವಿಷಯ ನನ್ನ ತನಕ ಬಂದಾಗ ನಾನು ಓಡಾಡಿದೆ. ಪರೀಕ್ಷಾಂಗ ಕುಲಸಚಿವರು ಒಬ್ಬಳಿಗೆ ತೆರೆದರೆ ಎಲ್ಲರಿಗೂ ತೆರೆಯಬೇಕಾಗುತ್ತದೆ ಎಂದರು. ಸಮಿತಿಯವರು ನನ್ನ ಮುಂದೆ ನನ್ನದೇ ವಾಕ್ಯ ಇಟ್ಟರು. ಯಾರಿಗೂ ಕೆಟ್ಟ ಉದ್ದೇಶವಿರಲಿಲ್ಲ. ಹುಡುಗಿಯ ಪರೀಕ್ಷೆ ತಪ್ಪಿತು, ಆ ವರ್ಷ ಬಿ.ಎಡ್.ಗೆ ಸೇರಬೇಕೆಂದಿದ್ದದ್ದೂ ತಪ್ಪಿತು.

ನಾನೂ ಒಂದು ಕಾಲದಲ್ಲಿ ಇಂಥದ್ದೇ ಅರ್ಜಿ ಹಿಡಿದು ಅಳುತ್ತ ಕೂತಿದ್ದೆ. ಪಿಯುಸಿಯ ಪರೀಕ್ಷೆಗೆ ಅಪ್ಪಯ್ಯನ ಸಹಿ ಬೇಕಿತ್ತು, ಅಪ್ಪಯ್ಯ ಕಡಲಲ್ಲಿದ್ದರು. ಅಕ್ಕ ಹಳೆಯ ರೇಷನ್ ಕಾರ್ಡು ನೋಡಿಕೊಂಡು ಅವರ ಸಹಿಯನ್ನು ತಾನೇ ಹಾಕಿ ಕಳಿಸಿದಳು. ನನ್ನ ಡಿಗ್ರಿ, ನನ್ನ ಹುದ್ದೆ ಎಲ್ಲ ನಿಂತಿರುವುದು ಆ ಕಳ್ಳಸಹಿಯ ಮೇಲೆ. ಹತ್ತಿದ ಏಣಿಯನ್ನು ಒದೆಯುವುದು ಎಂದರೆ ಇದೇ.

ಸಮಿತಿಯವರು ಆಗದೆಂದ ಮೇಲಿನ ಭಾನುವಾರ ಮಧ್ಯಾಹ್ನ ಆ ಹುಡುಗಿಯ ಅಪ್ಪ ಗಂಗೊಳ್ಳಿಯ ಬಂದರಿನಿಂದ ನೇರ ನಮ್ಮ ಮನೆಗೆ ಬಂದರು, ಅಕ್ಕನನ್ನು ಹುಡುಕಿಕೊಂಡು. ಕೈಯಲ್ಲಿ ಒಂದು ಪ್ಲಾಸ್ಟಿಕ್ ತೊಟ್ಟೆಯ ತುಂಬ ಬಂಗುಡೆ ಮೀನು. ಅಕ್ಕನನ್ನು ತಂಗಿ ಎಂದು ಕರೆದರು, ನನ್ನನ್ನು ಮೇಡಮ್ ಎಂದರು. ಜಗಲಿಯಲ್ಲಿ ಕೂತು ಫೋನು ತೆಗೆದು ನನ್ನೆದುರು ಹಿಡಿದರು. ದಡದ ಹತ್ತಿರ ಬರುತ್ತಲೇ ಒಟ್ಟಿಗೆ ಬಂದು ಬಿದ್ದ ಒಟಿಪಿಗಳು, ಒಂದರ ಕೆಳಗೊಂದು.

"ನಂಬ್ರ ಎಲ್ಲಾ ಇತ್ತ್ ಕಾಣಿ ಮೇಡಮ್. ಒಂದೂ ಅಳ್ಸಲಿಲ್ಲೆ. ಇದ್ರಗೆ ಯಾವ್ದ್ ಹೇಳ್ರೆ ಆತ್ತ್?"

ಯಾವುದೂ ಆಗುವುದಿಲ್ಲ ಎಂದೆ. ಅವರು ಫೋನನ್ನು ಅಂಗಿಯ ಜೇಬಿಗೆ ಹಾಕಿಕೊಂಡರು. ಮತ್ತೆ ನನ್ನನ್ನು ಸಮಾಧಾನ ಮಾಡುವವರ ಹಾಗೆ, ತಪ್ಪು ತಮ್ಮದೇ, ಫೋನು ಮನೆಯಲ್ಲಿ ಬಿಟ್ಟು ಹೋಗಬೇಕಿತ್ತು, ಮಗಳ ಒಂದು ವರ್ಷವನ್ನು ಹಾಳು ಮಾಡಿದ್ದು ತಾವೇ ಎಂದರು. ಇಲ್ಲ, ಅದು ನನ್ನ ನಿಯಮ ಎನ್ನಬೇಕಿತ್ತು. ನಾಚಿಕೆಯೋ ಭಯವೋ, ಬಾಯಿ ಬಿಡಲಿಲ್ಲ. ಅಕ್ಕ ಅವರನ್ನು ರಸ್ತೆಯವರೆಗೆ ಬಿಟ್ಟು ಬಂದಳು.

"ಅಪ್ಪಯ್ಯ ಇದ್ದಿರೆ ಅವ್ರೂ ಹೀಂಗೇ ಹೇಳ್ತಿದ್ರ್" ಎಂದಳು. ಇಷ್ಟು ವರ್ಷದಲ್ಲಿ ಅವಳು ನನಗೆ ಆಡಿದ ಕಟುವಾದ ಮಾತು ಅದೊಂದೇ. ಒಳಗೆ ಹೋಗಿ ಮೀನು ಕೊಯ್ಯಲು ಕೂತಳು. ನಾನು ಜಗಲಿಯಲ್ಲೇ ಕೂತು ಅತ್ತೆ.

ಮರುದಿನ ಬೆಳಿಗ್ಗೆ ಏಳಕ್ಕೆ, ಅಕ್ಕನ ನೋಟ್‌ಬುಕ್ಕಿನಲ್ಲಿದ್ದ ಅವರ ನಂಬರಿಗೆ ಫೋನ್ ಮಾಡಿದೆ, ಈಗಲಾದರೂ ಹೇಳಿಬಿಡಬೇಕೆಂದು. ಎತ್ತಿದ್ದು ಮಗಳು. ತನ್ನ ಅಪ್ಪಯ್ಯ ಬೆಳಕು ಹರಿಯುವ ಮೊದಲೇ ಇನ್ನೊಂದು ಸಲ ಬೋಟು ಹತ್ತಿದರು, ಇನ್ನು ನಿನಗೇ ಬೇಕಾಗುತ್ತದೆ ಎಂದು ಫೋನನ್ನು ಮನೆಯಲ್ಲೇ ಬಿಟ್ಟು ಹೋಗಿದ್ದಾರೆ ಎಂದಳು.

ಹತ್ತು ದಿನ ಅವರು ಆ ತಪ್ಪನ್ನು ತಮ್ಮದೆಂದುಕೊಂಡೇ ಕಡಲಲ್ಲಿರುತ್ತಾರೆ. ತಡೆಯಲಾಗದೆ ಎಲ್ಲವನ್ನೂ ಮಗಳಿಗೇ ಹೇಳಿದೆ. ನಿಯಮ ನನ್ನದು, ಮೇಜು ತೆಗೆಸಿದವಳು ನಾನು, ನಿನ್ನ ಅಪ್ಪಯ್ಯನದ್ದು ಏನೂ ತಪ್ಪಿಲ್ಲ ಎಂದೆ. ಅವಳು, ಹತ್ತಿರ ಅಕ್ಕ ಇದ್ದರೆ ಅವರಿಗೆ ಫೋನು ಕೊಡಿ, ಮುಂದೇನು ಮಾಡುವುದೆಂದು ಅವರನ್ನೇ ಕೇಳುತ್ತೇನೆ ಎಂದಳು.